ಓರೆಗೆರೆಯ ಆಚೆಯ ಅಕ್ಷರ: ಗಿಟಾರ್ ಕಲಿಯುವ ಹೆಣ್ಣುಮಕ್ಕಳಿಗೆ ಒಂದು ಪಾಠ

ಈಚಿನ ವರ್ಷಗಳಲ್ಲಿ ನಮ್ಮ ಹೆಣ್ಣುಮಕ್ಕಳ ಗಾಯನವೃಂದದೊಳಗೆ ಹಾರ್ಮೋನಿಯಮ್ಮಿನ ಪಕ್ಕದಲ್ಲಿ ಗಿಟಾರಿಗೂ ಸ್ಥಾನ ದೊರೆತಿರುವುದನ್ನು ವಾರ್ಷಿಕೋತ್ಸವಕ್ಕೆ ದಯಮಾಡಿಸುವ ತಾಯಿತಂದೆಗಳೂ ಹಳೆಯ ವಿದ್ಯಾರ್ಥಿನಿಯರೂ ನೋಡಿರುವರು. ಹಾಡಿನ ಪದಗಳ ಮೇಲೆ ಇಂಗ್ಲಿಷ್ ಅಕ್ಷರಗಳನ್ನು ಬರೆದ ಹಾಳೆಯೊಂದನ್ನು ಮುಂದಿಟ್ಟುಕೊಂಡು ಹುಡುಗಿಯು ನುಡಿಸುವಳು. ಆ ಅಕ್ಷರಗಳ ನಡುವೆ ಅಲ್ಲಲ್ಲಿ 'ಜಿ೬/ಬಿ', 'ಸಿ೬/ಜಿ' ಎಂಬಂಥ ಬರಹಗಳು ಬರುವುವು. ಇಂಥದು ಬಂದೊಡನೆ ಹೆಚ್ಚಿನವರು ಓರೆಗೆರೆಯ ಈಚೆಗಿರುವುದನ್ನು ನುಡಿಸಿ ಆಚೆಗಿರುವುದನ್ನು ಬಿಟ್ಟುಬಿಡುವರು. ಆರೆಂಬ ಅಂಕಿಯನ್ನೂ ಕೈಬಿಟ್ಟು ಬರಿಯ 'ಜಿ' ಎಂದು ಮುಗಿಸುವವರೂ ಉಂಟು. ಆ ಅಕ್ಷರವು ಅಲಂಕಾರಕ್ಕಾಗಿ ಇಟ್ಟದ್ದೆಂದು ಅವರ ಭಾವನೆ. ಅದು ಅಲಂಕಾರವಲ್ಲ, ಹಾಡಿನ ನೆಲಗಟ್ಟು ಎಂಬುದನ್ನು ತೋರಿಸುವುದೇ ಈ ಪಾಠದ ಉದ್ದೇಶ.

ಇದರಿಂದಾಗುವ ನಷ್ಟವೇನೆಂದು ಪೋಷಕರು ಕೇಳಬಹುದು. ನಮ್ಮಲ್ಲಿ ಓದಿದ ಮಕ್ಕಳು ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಕಡೆಯ ಊರುಗಳಿಗೆ ಹಿಂದಿರುಗುವರು. ವಳ್ಳೂರಿನಂಥ ಸ್ಥಳದಲ್ಲಿ ಗಿಟಾರ್ ಹೇಳಿಕೊಡುವ ಗುರುವು ಪ್ರತಿಯೊಂದು ಬೀದಿಯಲ್ಲಿಯೂ ಸಿಕ್ಕುವುದಿಲ್ಲ. ಹಾಡುವವರ ಕಂಠಕ್ಕೆ ಶ್ರುತಿ ಹೆಚ್ಚಾಯಿತು, ಎರಡು ಮನೆ ಇಳಿಸಮ್ಮಾ ಎಂದು ಹಿರಿಯರೊಬ್ಬರು ಹೇಳಿದರೆ, ಬೆರಳಿನ ಆಕಾರವನ್ನು ಮಾತ್ರ ಕಂಠಪಾಠ ಮಾಡಿದವಳು ಅಲ್ಲಿಯೇ ನಿಂತುಬಿಡುವಳು. ತಂತಿಗಳನ್ನು ಅದುಮುವ ಕೇಪೋ ಎಂಬ ಹಿಡಿಕೆಯು ಶ್ರುತಿಯನ್ನು ಏರಿಸಬಲ್ಲದೇ ಹೊರತು ಇಳಿಸಲಾರದು. ಯಾವ ಸ್ವರವನ್ನು ಯಾಕೆ ಒತ್ತುತ್ತಿರುವೆನೆಂದು ಅರಿತವಳಾದರೋ ಹೊಸ ಶ್ರುತಿಯಲ್ಲಿ ತಾನೇ ದಾರಿ ಕಂಡುಕೊಳ್ಳುವಳು. ಆದುದರಿಂದ ನಾನು ಕೈಯ ಪಾಠಕ್ಕಿಂತ ಮೊದಲು ಕಿವಿಯ ಪಾಠವನ್ನು ಇಡುವೆನು.

ಗಿಟಾರಿನ ಆರು ತಂತಿಗಳಲ್ಲಿ ಅತಿ ದಪ್ಪನೆಯದು ಆರನೆಯದು, ಅತಿ ಸಣ್ಣದು ಒಂದನೆಯದು. ದಪ್ಪ ತಂತಿಯಿಂದ ಆರಂಭಿಸಿದರೆ ಅವುಗಳ ಶ್ರುತಿ ಇ, ಎ, ಡಿ, ಜಿ, ಬಿ, ಇ ಎಂದಾಗುವುದು. ಈಗ 'ಜಿ' ಎಂಬುದನ್ನು ನಮ್ಮ ಷಡ್ಜವೆಂದು ಇಟ್ಟುಕೊಳ್ಳಿರಿ. ಆಗ ಎ ಚತುಶ್ರುತಿ ರಿಷಭ, ಬಿ ಅಂತರ ಗಾಂಧಾರ, ಡಿ ಪಂಚಮ, ಇ ಚತುಶ್ರುತಿ ಧೈವತ. ಸರಿಗಪಧ! ಮೋಹನ ರಾಗದ ಐದು ಸ್ವರಗಳೂ ಒಂದು ಬೆರಳನ್ನೂ ಇಡದ ಗಿಟಾರಿನ ಬರಿಯ ತಂತಿಗಳಲ್ಲಿಯೇ ಇರುವುವು. ಸಂಗೀತ ಕಲಿಯಲು ಹೊರಟ ಮಗುವಿಗೆ ಮೊದಮೊದಲು ಹೇಳಿಕೊಡುವ 'ವರವೀಣಾ' ಗೀತೆಯ ರಾಗವೇ ಇದು. ಪರದೇಶದ ವಾದ್ಯವೆಂದು ದೂರ ನಿಂತು ನೋಡುವ ತಾಯಂದಿರು ಈ ಒಂದು ಸಂಗತಿಯನ್ನು ಗಮನಿಸಿದರೆ ಸಾಕು.

ಇನ್ನು ಸ್ವರಮೇಳ. ಹುಡುಗಿಯರು ಇದನ್ನು ಕಾರ್ಡ್ ಎನ್ನುವರು, ನಾನೂ ಹಾಗೆಯೇ ಬರೆಯುವೆನು. ಸ, ಗ, ಪ ಮೂರನ್ನೂ ಒಟ್ಟಿಗೆ ನುಡಿಸಿದರೆ ಮೇಜರ್ ಕಾರ್ಡ್. ಅದಕ್ಕೆ ಚತುಶ್ರುತಿ ಧೈವತವನ್ನು ಕೂಡಿಸಿದರೆ ಮೇಜರ್ ಸಿಕ್ಸ್ತ್, ಅಂದರೆ ಆರರ ಕಾರ್ಡ್, ಯಾಕಂದರೆ ಷಡ್ಜದಿಂದ ಎಣಿಸಿದರೆ ಧೈವತವು ಆರನೆಯ ಸ್ವರ. ಜಿ೬ ಎಂದರೆ ಜಿ, ಬಿ, ಡಿ, ಇ. ಬರಿಯ ಮೇಜರ್ ಕಾರ್ಡು ಮಾತು ಮುಗಿಸಿ ಬಾಗಿಲು ಹಾಕಿದಂತೆ ಕೇಳುವುದು. ಧೈವತ ಕೂಡಿದಾಗ ಬಾಗಿಲು ಅರೆದೆರೆದಂತೆ, ಸ್ವಲ್ಪ ಮೃದುವಾಗಿ ಇರುವುದು. ಓರೆಗೆರೆಯ ಆಚೆಗೆ ಅಕ್ಷರವಿದ್ದರೆ ಅದು ಎಲ್ಲಕ್ಕಿಂತಲೂ ಕೆಳಗೆ ನುಡಿಯಬೇಕಾದ ಮಂದ್ರಸ್ವರ. ಅಂಕಿ ಇದ್ದರೆ ಅರ್ಥ ಬೇರೆ: 'ಜಿ೬/೯' ಎಂದಾಗ ಒಂಬತ್ತನೆಯ ಸ್ವರವಾದ ರಿಷಭವನ್ನೂ ಕೂಡಿಸತಕ್ಕದ್ದು. ಆಗ ಮೋಹನದ ಐದೂ ಸ್ವರಗಳು ಒಂದೇ ಏಟಿಗೆ ನುಡಿಯುವುವು. ಅಕ್ಷರಕ್ಕೂ ಅಂಕಿಗೂ ಇರುವ ಈ ಭೇದವನ್ನು ಮರೆಯಬಾರದು.

ಈಗ ವಾದ್ಯವನ್ನು ಕೈಗೆ ತೆಗೆದುಕೊಳ್ಳಿರಿ. ಮೆಟ್ಟುಗಳ ಸಂಖ್ಯೆಯನ್ನು ದಪ್ಪ ತಂತಿಯಿಂದ ಸಣ್ಣ ತಂತಿಯ ಕಡೆಗೆ ಬರೆಯುವೆನು. ಸೊನ್ನೆ ಎಂದರೆ ಬೆರಳಿಡದ ತಂತಿ, × ಎಂದರೆ ನುಡಿಯಬಾರದ ತಂತಿ. ತೋರುಬೆರಳನ್ನು ಐದನೆಯ ತಂತಿಯ ಎರಡನೆಯ ಮೆಟ್ಟಿನಲ್ಲಿಯೂ ನಡುಬೆರಳನ್ನು ಆರನೆಯ ತಂತಿಯ ಮೂರನೆಯ ಮೆಟ್ಟಿನಲ್ಲಿಯೂ ಇಟ್ಟು ಎಲ್ಲವನ್ನೂ ಮೀಟಿದರೆ ೩ ೨ ೦ ೦ ೦ ೦. ಕೆಳಗೆ ಜಿ ಇರುವುದರಿಂದ ಇದು ಜಿ೬, ಮನೆಯಲ್ಲಿಯೇ ಕುಳಿತ ಸ್ವರಮೇಳ. ನಡುಬೆರಳನ್ನು ಎತ್ತಿ, ತೋರುಬೆರಳಿನ ತುದಿಯು ಆರನೆಯ ತಂತಿಗೆ ಮೆಲ್ಲಗೆ ತಗಲಿ ಅದನ್ನು ಮೌನವಾಗಿಸುವಂತೆ ಹಿಡಿಯಿರಿ: × ೨ ೦ ೦ ೦ ೦. ಕೆಳಗೆ ಬಿ ಬಂದಿತು, ಇದು ಜಿ೬/ಬಿ. ಎರಡು ಬೆರಳುಗಳನ್ನೂ ತೆಗೆದು ನಾಲ್ಕನೆಯ ತಂತಿಯಿಂದ ಕೆಳಕ್ಕೆ ಮಾತ್ರ ಮೀಟಿದರೆ × × ೦ ೦ ೦ ೦, ಅಂದರೆ ಜಿ೬/ಡಿ. ಯಾವ ಬೆರಳೂ ಬೇಡವಾದ ಸ್ಲ್ಯಾಷ್ ಕಾರ್ಡು ಇದು. ಇದನ್ನೇ ಮೊದಲ ದಿನ ಮೊದಲ ಪಾಠವಾಗಿ ಯಾಕೆ ಕಲಿಸಬಾರದೆಂದು ನನಗೆ ಎಷ್ಟೋ ಸಾರಿ ಅನಿಸಿದೆ. ಕಡೆಗೆ ತೋರುಬೆರಳನ್ನು ಮತ್ತೆ ಅದರ ಸ್ಥಾನದಲ್ಲಿಟ್ಟು ಆರನೆಯ ತಂತಿಯನ್ನು ಬಿಟ್ಟು ಮೀಟಿರಿ: ೦ ೨ ೦ ೦ ೦ ೦. ಕೆಳಗೆ ಇ. ಸ್ವರಗಳು ಅವೇ ನಾಲ್ಕು. ಆದರೆ ಪುಸ್ತಕಗಳು ಇದನ್ನು ಜಿ೬/ಇ ಎಂದು ಸಾಮಾನ್ಯವಾಗಿ ಬರೆಯವು, ಇ ಮೈನರ್ ೭ ಎನ್ನುವುವು.

ನಾಲ್ಕು ಸ್ವರಗಳು ಬದಲಾಗದೆ ಇದ್ದರೂ ಹೆಸರು ಯಾಕೆ ಬದಲಾಯಿತೆಂದು ತರಗತಿಯಲ್ಲಿ ಇಬ್ಬರು ಹುಡುಗಿಯರು ವಾದಮಾಡಿದ್ದುಂಟು. ಒಬ್ಬಳ ಹಾಳೆಯಲ್ಲಿ ಜಿ೬, ಇನ್ನೊಬ್ಬಳ ಹಾಳೆಯಲ್ಲಿ ಇ ಮೈನರ್ ೭. ಇಬ್ಬರೂ ಸರಿಯೆಂದು ಹೇಳಿದಾಗ ಇಬ್ಬರಿಗೂ ಸಮಾಧಾನವಾಗಲಿಲ್ಲ. ಸಮಾಧಾನವಿರುವುದು ತಂತಿಯ ನಾದದಲ್ಲಿ.

ಯಾವ ತಂತಿಯೂ ಒಂದೇ ನಾದವನ್ನು ಕೊಡುವುದಿಲ್ಲ. ಮೂಲನಾದದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು, ಐದರಷ್ಟು ಕಂಪನಗಳುಳ್ಳ ಸೂಕ್ಷ್ಮನಾದಗಳೂ ಹೊರಡುವುವು. ಆರನೆಯ ತಂತಿಯ ಮೂರನೆಯ ಮೆಟ್ಟಿನ ಜಿ ಒಂದು ಸೆಕೆಂಡಿಗೆ ೯೮ ಸಾರಿ ಕಂಪಿಸುವುದು. ಅದರ ಎರಡರಷ್ಟು ೧೯೬, ಅದು ಮೂರನೆಯ ತಂತಿಯ ಜಿ. ಮೂರರಷ್ಟು ೨೯೪, ಅದು ಡಿ. ಐದರಷ್ಟು ೪೯೦, ಅದು ಬಿ ಸ್ವರಕ್ಕೆ ಅತಿ ಸಮೀಪ. ಹೀಗೆ ಸ, ಪ, ಗ ಮೂರೂ ಆ ಒಂದು ದಪ್ಪ ತಂತಿಯ ಗರ್ಭದಲ್ಲಿಯೇ ಅಡಗಿರುವುವು. ಧೈವತವಾದ ಇ ಮಾತ್ರ ಹೊರಗಿನಿಂದ ಬಂದ ಅತಿಥಿ. ಆದುದರಿಂದಲೇ ಜಿ ಕೆಳಗಿರುವಾಗ ಮೇಳವು ನೆಮ್ಮದಿಯಿಂದ ನಿಲ್ಲುವುದು.

ಈಗ ಬರಿಯ ಆರನೆಯ ತಂತಿಯನ್ನು ಕೇಳಿರಿ. ಅದರ ಕಂಪನ ೮೨.೪. ಮೂರರಷ್ಟು ೨೪೭, ಅದು ಎರಡನೆಯ ತಂತಿಯ ಬಿ, ಅಲ್ಲಿಗೆ ಸರಿ. ಆದರೆ ಐದರಷ್ಟು ೪೧೨, ಅದು ಜಿ ಶಾರ್ಪ್. ನಮ್ಮ ಮೇಳದಲ್ಲಿರುವುದು ಬರಿಯ ಜಿ. ಹೀಗೆ ತಂತಿಯು ಒಳಗಿನಿಂದ ಅಂತರ ಗಾಂಧಾರವನ್ನು ನುಡಿಯುತ್ತಿರಲು ಮೇಲಿನ ತಂತಿಗಳು ಸಾಧಾರಣ ಗಾಂಧಾರವನ್ನು ನುಡಿಯುವುವು. ಮೈನರ್ ಮೇಳಕ್ಕೆ ಬರುವ ಮಬ್ಬು ಬಣ್ಣಕ್ಕೆ ಈ ತಿಕ್ಕಾಟವೂ ಒಂದು ಕಾರಣ. ಬಿ ಅಥವಾ ಡಿ ಕೆಳಗಿದ್ದರೆ ಅವುಗಳ ಸೂಕ್ಷ್ಮನಾದಗಳಲ್ಲಿ ಎಫ್ ಶಾರ್ಪ್ ಮುಂತಾದ, ಮೇಳಕ್ಕೆ ಸೇರದ ಸ್ವರಗಳು ಬರುವುದರಿಂದ ಕಿವಿಗೆ ಸ್ವಲ್ಪ ಅಸ್ಥಿರತೆ ತೋರಿ, ಮುಂದಕ್ಕೆ ಹೋಗಬೇಕೆಂಬ ಆತುರ ಹುಟ್ಟುವುದು. ಬರೆದವರು ಓರೆಗೆರೆಯನ್ನು ಎಳೆದದ್ದು ಈ ಆತುರಕ್ಕಾಗಿಯೇ. ಹುಡುಗಿಯರು ಹಾಡುಗಳನ್ನು ಕೇಳುವುದು ಬಹುಮಟ್ಟಿಗೆ ದೂರವಾಣಿಯ ಸಣ್ಣ ಧ್ವನಿಪೆಟ್ಟಿಗೆಯಲ್ಲಿ. ಅದರಲ್ಲಿ ಮಂದ್ರನಾದವು ತೀರ ಕ್ಷೀಣವಾಗುವುದರಿಂದ, ಆಚೆಯ ಅಕ್ಷರವನ್ನು ಬಿಟ್ಟರೂ ನಷ್ಟವಿಲ್ಲವೆಂದು ಅವರಿಗೆ ತೋರಿದರೆ ಆಶ್ಚರ್ಯವಿಲ್ಲ.

ಈ ವಿಷಯವು ನಮ್ಮ ಸಂಗೀತಕ್ಕೆ ಹೊಸದಲ್ಲ. ತಂಬೂರಿಯ ಆಧಾರಶ್ರುತಿ ಇಲ್ಲದೆ ನಮ್ಮಲ್ಲಿ ಯಾರೂ ಹಾಡಲು ಕುಳಿತುಕೊಳ್ಳುವುದಿಲ್ಲ. ಏಕತಾರಿಯನ್ನು ಮೀಟಿಕೊಂಡು ತತ್ತ್ವಪದ ಹಾಡುವವನಿಗೂ ಕೆಳಗಿನ ಒಂದು ನಾದವೇ ಮೇಲಿನ ಸ್ವರಗಳಿಗೆ ಅರ್ಥ ಕೊಡುವುದೆಂಬುದು ಗೊತ್ತು. ಸಂಗೀತಶಾಸ್ತ್ರದಲ್ಲಿ ಗ್ರಹಭೇದವೆಂಬ ಒಂದು ಪ್ರಕರಣವಿದೆ: ಸ್ವರಗಳನ್ನು ಬದಲಿಸದೆ ಷಡ್ಜದ ಸ್ಥಾನವನ್ನು ಮಾತ್ರ ಬದಲಿಸಿದರೆ ರಾಗವೇ ಬೇರೆಯಾಗುವುದು. ಮೋಹನದ ಗಾಂಧಾರವನ್ನು ಷಡ್ಜವಾಗಿಟ್ಟರೆ ಹಿಂದೋಳ, ಪಂಚಮವನ್ನಿಟ್ಟರೆ ಶುದ್ಧಸಾವೇರಿ, ಧೈವತವನ್ನಿಟ್ಟರೆ ಶುದ್ಧಧನ್ಯಾಸಿ. ನಮ್ಮ ನಾಲ್ಕು ಕಾರ್ಡುಗಳ ಕೆಳಗಿನ ಸ್ವರಗಳನ್ನು ಮತ್ತೊಮ್ಮೆ ನೋಡಿರಿ: ಜಿ, ಬಿ, ಡಿ, ಇ, ಸ, ಗ, ಪ, ಧ. ಬೆರಳನ್ನು ಎತ್ತಿ ಇಳಿಸುವಷ್ಟರಲ್ಲಿ ಆ ನಾಲ್ಕು ರಾಗಗಳ ಹೊಸ್ತಿಲನ್ನು ದಾಟಿ ಬಂದಂತಾಯಿತು.

ಆದರೆ ಎರಡೂ ಒಂದೇ ಎಂದು ತಿಳಿಯಬಾರದು, ಇಲ್ಲಿ ಎಚ್ಚರಿಕೆ ಬೇಕು. ಗ್ರಹಭೇದದಲ್ಲಿ ಮನೆಯೇ ಬದಲಾಗುವುದು. ಜಿ೬/ಬಿ ಎಂದು ಬರೆದಾಗ ಮನೆಯು ಜಿ ಆಗಿಯೇ ಇದ್ದು, ನಾವು ಬೇರೊಂದು ಬಾಗಿಲಿನಿಂದ ಒಳಹೊಕ್ಕಿರುವೆವು. ಇ ಮೈನರ್ ೭ ಎಂದು ಬರೆದಾಗಲಾದರೋ ಮನೆಯೊಡತಿಯೇ ಬದಲಾದಳೆಂದು ಅರ್ಥ. ಫ್ರಾನ್ಸಿನ ಝಾನ್ ಫಿಲಿಪ್ ರಾಮೋ ಎಂಬಾತನು ೧೭೨೨ರಲ್ಲಿ ಸ್ವರಮೇಳಗಳನ್ನು ಕುರಿತು ಪ್ರಸಿದ್ಧವಾದ ಗ್ರಂಥವೊಂದನ್ನು ಪ್ರಕಟಿಸಿದನು. ಒಂದೇ ಮೇಳವನ್ನು 'ಆರನೆಯದು ಕೂಡಿದ ಮೇಜರ್' ಎಂದೂ 'ಏಳನೆಯದು ಕೂಡಿದ ಮೈನರ್' ಎಂದೂ ಎರಡು ಬಗೆಯಾಗಿ ಓದಬಹುದೆಂಬುದನ್ನು ಮುಂದಿನ ಬರಹಗಳಲ್ಲಿ ವಿಚಾರಮಾಡಿ, ಅದಕ್ಕೆ 'ಇಮ್ಮಡಿ ಬಳಕೆ' ಎಂಬರ್ಥದ ಹೆಸರನ್ನು ಕೊಟ್ಟನು. ಮುಂದಿನ ಮೇಳವು ಎಲ್ಲಿಗೆ ಹೋಗುವುದೋ ಅದನ್ನು ನೋಡಿ ಹೆಸರನ್ನು ನಿರ್ಣಯಿಸಬೇಕೆಂಬುದೇ ಅದರ ತಿರುಳು. ನಮ್ಮ ಇಬ್ಬರು ಹುಡುಗಿಯರ ವಾದಕ್ಕೂ ಇದೇ ತೀರ್ಪು.

ಮಿಷನ್ ಶಾಲೆಗಳಲ್ಲಿ ಓದಿದ ಹಿರಿಯ ತಲೆಮಾರಿನವರಿಗೆ ಟಾನಿಕ್ ಸೊಲ್ಫಾ ಪದ್ಧತಿಯು ನೆನಪಿರಬಹುದು. ಡೋ, ರೇ, ಮೀ ಎಂಬುದನ್ನು ಯಾವ ಶ್ರುತಿಗೆ ಬೇಕಾದರೂ ಸರಿಸಿ ಹಾಡುವ ಕ್ರಮವದು, ನಮ್ಮ ಸರಿಗಮದಂತೆಯೇ. ಅದನ್ನು ಜಾನ್ ಕರ್ವೆನ್ ಎಂಬವರು ಹರಡಿದರೂ, ಅದರ ಬೀಜವನ್ನು ಹಾಕಿದವರು ಇಂಗ್ಲೆಂಡಿನ ನಾರಿಚ್ ಪಟ್ಟಣದ ಉಪಾಧ್ಯಾಯಿನಿ ಸಾರಾ ಗ್ಲವರ್. ಅವರ ಪುಸ್ತಕ ೧೮೩೫ರಲ್ಲಿ ಹೊರಬಂದಿತು. ಈ ಪದ್ಧತಿಯಲ್ಲಿ ಮೈನರ್ ಹಾಡುಗಳಿಗೆ 'ಲಾ' ಎಂಬುದನ್ನು ಮನೆಯಾಗಿ ಇಡುವರು. 'ಲಾ' ಎಂದರೆ ಆರನೆಯ ಸ್ವರ, ನಮ್ಮ ಧೈವತ. ಆರರ ಕಾರ್ಡಿನೊಳಗೆ ಮೈನರ್ ಅಡಗಿದೆಯೆಂಬ ಮಾತನ್ನು ಆ ಹಾಡುಗಾರಿಕೆಯ ತರಗತಿಗಳು ಗಿಟಾರಿಲ್ಲದೆಯೇ ಹೇಳುತ್ತಿದ್ದುವು.

ಹಾಡಿನಲ್ಲಿ ಇದನ್ನು ಎಲ್ಲಿ ಬಳಸುವುದು? ಹೆಚ್ಚಾಗಿ ಬರುವ ಒಂದು ಸಂದರ್ಭವನ್ನು ಹೇಳುವೆನು. ಹಾಡಿನ ಷಡ್ಜವು ಸಿ ಆಗಿರಲಿ. ಸಿ ಮೇಜರ್ (× ೩ ೨ ೦ ೧ ೦), ಬಳಿಕ ಜಿ೬/ಬಿ (× ೨ ೦ ೦ ೦ ೦), ಬಳಿಕ ಎ ಮೈನರ್ (× ೦ ೨ ೨ ೧ ೦). ಐದನೆಯ ತಂತಿಯೊಂದನ್ನೇ ನೋಡಿರಿ: ಮೂರನೆಯ ಮೆಟ್ಟು, ಎರಡನೆಯ ಮೆಟ್ಟು, ಬರಿಯ ತಂತಿ. ಸಿ, ಬಿ, ಎ. ಸ, ನಿ, ಧ. ಮಂದ್ರಸ್ವರವು ಮೆಟ್ಟಲಿಳಿದಂತೆ ಇಳಿಯುವುದು. ಈಗ ಒಂದನೆಯ ತಂತಿಯನ್ನು ನೋಡಿರಿ. ಮೂರು ಮೇಳಗಳಲ್ಲಿಯೂ ಅದು ಬರಿಯ ಇ ಆಗಿಯೇ ನುಡಿಯುತ್ತಿರುವುದು. ಕೆಳಗಿನದು ನಡೆಯುತ್ತಿರಲು ಮೇಲಿನದು ಕದಲದೆ ನಿಂತಿರುವುದೇ ಈ ನಡೆಯ ಸೊಗಸು. ನಡುವಿನ ಮೇಳದಲ್ಲಿ ಆ ಇ ಸ್ವರವನ್ನು ಉಳಿಸಿಕೊಂಡದ್ದರಿಂದಲೇ ಅದಕ್ಕೆ ಆರೆಂಬ ಅಂಕಿ ಬಂದಿತು. ಅಂಕಿಯನ್ನೂ ಆಚೆಯ ಅಕ್ಷರವನ್ನೂ ಬಿಟ್ಟು ಸಾಮಾನ್ಯವಾದ ಜಿ ಮೇಜರ್ ನುಡಿಸಿದರೆ ಏನಾಗುವುದು? ಮೇಲಿನ ದಾರವು ಕಡಿಯುವುದು, ಕೆಳಗಿನ ದನಿಯು ಮೆಟ್ಟಲನ್ನು ಬಿಟ್ಟು ಹಳ್ಳಕ್ಕೆ ಹಾರಿ ಮತ್ತೆ ಮೇಲಕ್ಕೆ ಏರುವುದು. ಹಾಡು ಕೆಟ್ಟಿತೆಂದು ಯಾರೂ ಹೇಳಲಾರರು. ಆದರೆ ಹಾಡುವವರು ತಮಗೆ ತಿಳಿಯದಂತೆಯೇ ಆ ಸ್ಥಳದಲ್ಲಿ ತಡವರಿಸುವರು.

ಶ್ರುತಿ ಬದಲಿಸುವ ಉಪಾಯವು ಇನ್ನು ಸುಲಭ. ಬರಿಯ ಮೇಲಿನ ನಾಲ್ಕು ತಂತಿಗಳು ಜಿ೬/ಡಿ ಎಂದು ಆಗಲೇ ಕಂಡೆವು. ಆ ನಾಲ್ಕನ್ನೂ ಒಂದೇ ಬೆರಳಿನಿಂದ ಅಡ್ಡಲಾಗಿ ಒತ್ತಿ ಮೇಲಕ್ಕೆ ಸರಿಸಿದರೆ, ಯಾವ ಮೆಟ್ಟಿನಲ್ಲಿಯಾದರೂ ಆರರ ಕಾರ್ಡೇ ಬರುವುದು, ಪಂಚಮವೇ ಕೆಳಗಿರುವುದು. ಎರಡನೆಯ ಮೆಟ್ಟಿನಲ್ಲಿ ಒತ್ತಿದರೆ ಎ೬/ಇ. ಅದರ ಜೊತೆಗೆ ಬರಿಯ ಐದನೆಯ ತಂತಿಯನ್ನೂ ಕೂಡಿಸಿದರೆ (× ೦ ೨ ೨ ೨ ೨) ಎ೬ ತನ್ನ ಮನೆಗೆ ಬಂದು ಕುಳಿತಿತು. ಐದನೆಯ ಮೆಟ್ಟಿನಲ್ಲಿ ಸಿ೬/ಜಿ. ಇಲ್ಲಿ ಉಂಗುರದ ಬೆರಳಿನಿಂದ ನಾಲ್ಕು ತಂತಿಗಳನ್ನು ಒತ್ತಿ, ತೋರುಬೆರಳನ್ನು ಐದನೆಯ ತಂತಿಯ ಮೂರನೆಯ ಮೆಟ್ಟಿನಲ್ಲಿಟ್ಟರೆ (× ೩ ೫ ೫ ೫ ೫) ಸಿ೬. ತೋರುಬೆರಳನ್ನು ತೆಗೆದು ಆ ತಂತಿಯನ್ನು ಬರಿದಾಗಿ ನುಡಿಸಿದರೆ (× ೦ ೫ ೫ ೫ ೫) ಎ ಮೈನರ್ ೭. ಮತ್ತೆ ಅದೇ ಕಥೆ. ಎಳೆಯ ಬೆರಳುಗಳಿಗೆ ಈ ಅಡ್ಡ ಒತ್ತು ಮೊದಲು ನೋವು ಕೊಡುವುದು. ದಿನಕ್ಕೆ ಹತ್ತು ನಿಮಿಷಕ್ಕಿಂತ ಹೆಚ್ಚು ಬೇಡ, ನೈಲಾನ್ ತಂತಿಯ ವಾದ್ಯವಾದರೆ ಇನ್ನೂ ಒಳ್ಳೆಯದು.

ಗಿಟಾರ್ ಹಿಡಿದರೆ ಮಗುವಿನ ಕರ್ನಾಟಕ ಸಂಗೀತದ ಕಿವಿ ಕೆಡುವುದೆಂಬ ಭಯವನ್ನು ಕೆಲವು ತಾಯಂದಿರು ಹೇಳುವುದುಂಟು. ಈ ಭಯವು ಪೂರ್ತಿ ನಿರಾಧಾರವಲ್ಲ. ಗಿಟಾರಿನ ಮೆಟ್ಟುಗಳು ಒಂದು ಸ್ಥಾಯಿಯನ್ನು ಹನ್ನೆರಡು ಸಮಭಾಗಗಳಾಗಿ ಹಂಚುವುವು. ಒಂದು ಮೆಟ್ಟನ್ನು ನೂರು ಅಂಶವೆಂದರೆ, ಅಂತರ ಗಾಂಧಾರವು ೪೦೦ನೆಯ ಅಂಶದಲ್ಲಿ ಬೀಳುವುದು. ತಂಬೂರಿಯ ತಂತಿಯಿಂದ ತಾನಾಗಿ ಕೇಳಿಬರುವ ಸ್ವಯಂಭೂ ಗಾಂಧಾರವಿರುವುದು ೩೮೬ರ ಹತ್ತಿರ. ಆದುದರಿಂದ ಗಿಟಾರಿನ ಗಾಂಧಾರವು ಕೂದಲೆಳೆಯಷ್ಟು ಏರಿರುವುದು. ಹಾರ್ಮೋನಿಯಮ್ಮಿಗೂ ಸಾಮಾನ್ಯವಾಗಿ ಇದೇ ದೋಷವಿದ್ದರೂ ಅದನ್ನು ಯಾರೂ ಮನೆಯಿಂದ ಹೊರಗಟ್ಟಲಿಲ್ಲ. ವಾರಕ್ಕೆರಡು ಸಾರಿ ತಂಬೂರಿಯ ಶ್ರುತಿಯಲ್ಲಿ ಹಾಡಿಸಿದರೆ ಕಿವಿಯು ಎರಡು ಗಾಂಧಾರಗಳನ್ನೂ ಬೇರೆಬೇರೆಯಾಗಿ ಗುರುತಿಸಲು ಕಲಿಯುವುದು. ಇದು ಕೆಡುವುದಲ್ಲ, ಹರಿತವಾಗುವುದು ಎಂದು ನನ್ನ ಅಭಿಪ್ರಾಯ.

ಎರಡು ಸಂಗೀತಗಳನ್ನೂ ಒಂದೇ ತಲೆಯಲ್ಲಿ ಹೊತ್ತವರು ನಮ್ಮ ನಾಡಿಗೆ ಹೊಸಬರಲ್ಲ. ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಒಡೆಯರವರು ರಷ್ಯದ ನಿಕೊಲಾಯ್ ಮೆಡ್ನರ್ ಎಂಬ ವಾಗ್ಗೇಯಕಾರನ ಕೃತಿಗಳು ಧ್ವನಿಮುದ್ರಣವಾಗುವಂತೆ ದ್ರವ್ಯಸಹಾಯ ಮಾಡಿ, ಆತನ ಹೆಸರಿನ ಸಂಘಕ್ಕೆ ಆಶ್ರಯವಿತ್ತರು. ಅದೇ ಮಹಾರಾಜರು ಕರ್ನಾಟಕ ಸಂಗೀತದಲ್ಲಿ ಹಲವಾರು ಕೃತಿಗಳನ್ನು ರಚಿಸಿದರು. 'ಬಂಗಾರದ ಮನುಷ್ಯ' (೧೯೭೨) ಚಿತ್ರಕ್ಕೆ ಸಂಗೀತವಿತ್ತ ಜಿ. ಕೆ. ವೆಂಕಟೇಶರ ಬಳಿಯಲ್ಲಿ ಗಿಟಾರ್ ವಾದಕರಾಗಿಯೂ ಸಹಾಯಕರಾಗಿಯೂ ಇದ್ದವರು ಇಳಯರಾಜರು. ೧೯೮೧ರ 'ಗೀತಾ' ಚಿತ್ರದ ಹಾಡುಗಳನ್ನು ನಮ್ಮ ಪೋಷಕರಲ್ಲಿ ಅನೇಕರು ಇಂದಿಗೂ ಗುನುಗುವರು. ಅವುಗಳಲ್ಲಿ ಗಿಟಾರನ್ನು ಬೇರೆಯಾಗಿ ಕೇಳಲು ಒಮ್ಮೆ ಪ್ರಯತ್ನಿಸಿರಿ, ಅದರಲ್ಲಿಯೂ ಕೆಳಗಿನ ತಂತಿಗಳನ್ನು.

ಮನೆಯಲ್ಲಿ ಮಾಡತಕ್ಕ ಅಭ್ಯಾಸವೊಂದನ್ನು ಹೇಳುವೆನು. ಇಬ್ಬರು ಹುಡುಗಿಯರು, ಎರಡು ಗಿಟಾರುಗಳು. ಒಬ್ಬಳು ಮೇಲಿನ ನಾಲ್ಕು ತಂತಿಗಳನ್ನು ಬೆರಳಿಡದೆ ನಿಧಾನವಾಗಿ ಮೀಟುತ್ತಿರಲಿ. ಇನ್ನೊಬ್ಬಳು ಬೆನ್ನು ತಿರುಗಿಸಿ ಕುಳಿತು, ತನ್ನ ವಾದ್ಯದಲ್ಲಿ ಒಂದು ಸಾರಿ ಜಿ, ಒಂದು ಸಾರಿ ಬಿ, ಒಂದು ಸಾರಿ ಬರಿಯ ಇ, ಹೀಗೆ ಕ್ರಮತಪ್ಪಿಸಿ ಮಂದ್ರಸ್ವರವನ್ನು ಕೂಡಿಸಲಿ. ಆಕೆ ಏನನ್ನೂ ನುಡಿಸದೆ ಬಿಟ್ಟರೆ ಡಿ ತಾನಾಗಿ ಕೆಳಗಿನದಾಗುವುದು. ಕೇಳುವ ತಾಯಿಯೋ ತಂಗಿಯೋ ಕಣ್ಣುಮುಚ್ಚಿಕೊಂಡು, ಮೇಳವು ನಿಂತಿದೆಯೋ, ಹೊರಡಲು ಆತುರಪಡುತ್ತಿದೆಯೋ, ಮಬ್ಬಾಗಿದೆಯೋ ಎಂದು ಮಾತ್ರ ಹೇಳಲಿ. ಅಕ್ಷರದ ಹೆಸರು ಬೇಡ. ಉತ್ತರವು ತಪ್ಪದೆ ಬರತೊಡಗಿದ ಮೇಲೆ ಹಾಡಿನ ಹಾಳೆಯನ್ನು ಮುಂದಿಡಬಹುದು.